ಗಾಜು ಬೆಳ್ಳಗಾಯಿತೇ, ಬೇಡದ ಪೀಕ್ ಬಂತೇ? ಮೊದಲು ತಕ್ಕಡಿ ನೋಡಿ, ಆಮೇಲೆ ತೇವ ನೋಡಿ

ಧಾರವಾಡದ ಜುಲೈ ಗೊತ್ತಲ್ಲ, ಜಿಟಿಜಿಟಿ ಮಳೆ ಹಿಡಿದರೆ ಬಿಡುವ ಮಾತೇ ಇಲ್ಲ. ಒಣಗಲು ಹಾಕಿದ ಅರಿವೆ ಮೂರು ದಿನವಾದರೂ ಹಸಿ. ಅಂಥದ್ದೇ ಒಂದು ದಿನ ಎಂಎಸ್ಸಿ ಪ್ರಾಜೆಕ್ಟ್ ಮಾಡುತ್ತಿದ್ದ ಹುಡುಗನೊಬ್ಬ ಪ್ಲಾಸ್ಟಿಕ್ ಪೊಟ್ಟಣ ಹಿಡಿದುಕೊಂಡು ಬಂದ. "ಸರ, ಹೋದ ವಾರ ಕನ್ನಡಿ ಇದ್ದಂಗ ಇತ್ರಿ. ಈಗ ನೋಡ್ರಿ, ಸುಣ್ಣ ಬಳದಂಗ ಆಗೇತಿ" ಅಂದ. ಎಕ್ಸ್‌ಆರ್‌ಡಿ, ಅಂದರೆ ಎಕ್ಸ್‌ರೇ ಬಿಟ್ಟು ಒಳಗೆ ಹರಳಿದೆಯೇ ಎಂದು ನೋಡುವ ಪರೀಕ್ಷೆ, ಅದನ್ನೂ ಮಾಡಿಸಿದ್ದ. ಗ್ರಾಫಿನಲ್ಲಿ ಎರಡು ಚೂಪು ಪೀಕ್, ಅಂದರೆ ಹರಳಿನ ಗುರುತಿನ ಮೊನೆ, ಬಂದಿದ್ದವು. ಗಾಜಿನೊಳಗೆ ಏನೋ ಹೊಸ ಹರಳು ಹುಟ್ಟಿದೆ ಅಂತ ಅವನಿಗೆ ಖುಷಿ. ಹುಟ್ಟಿದ್ದು ಬೋರಿಕ್ ಆಮ್ಲ. ಕೇರಂ ಬೋರ್ಡಿನ ಮೇಲೆ ಉದುರಿಸುತ್ತೇವಲ್ಲ, ಅದೇ ಪುಡಿ.

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಕಾಲೇಜುಗಳಲ್ಲಿ ಒಂದು ಫರ್ನೇಸ್, ಒಂದು ತಕ್ಕಡಿ ಇಟ್ಟುಕೊಂಡು ಗಾಜು ಅಥವಾ ಆಕ್ಸೈಡ್ ಪುಡಿ ತಯಾರಿಸುವವರಿಗೆ ಇದನ್ನು ಬರೆಯುತ್ತಿದ್ದೇನೆ. ನಮಗೆ ಎಕ್ಸ್‌ಆರ್‌ಡಿ ಅಂದರೆ ಸ್ಯಾಂಪಲ್‌ಗೆ ಇಷ್ಟು ಅಂತ ದುಡ್ಡು ಕಟ್ಟಿ ಸರದಿ ಕಾಯುವ ಕೆಲಸ. ಹಾಗಾಗಿ ಪ್ರತಿ ತೊಂದರೆಗೂ ದುಡ್ಡು ಬೇಡದ ಪರೀಕ್ಷೆ ಮೊದಲು, ಯಂತ್ರ ಕೊನೆಗೆ. ನನ್ನ ಅನುಭವದಲ್ಲಿ ರಚನೆಯೇ ವಿಚಿತ್ರ ಅನ್ನಿಸಿದ ಸ್ಯಾಂಪಲ್‌ಗಳಲ್ಲಿ ಬಹುಪಾಲು ವಿಚಿತ್ರ ಇದ್ದದ್ದು ತೂಕದಲ್ಲಿ, ಇಲ್ಲವೇ ತೇವದಲ್ಲಿ.

ಗಾಜಿಗೂ ಹರಳಿಗೂ ಇರುವ ಫರಕು ನಮ್ಮ ಅಡುಗೆಮನೆಯಲ್ಲೇ ಇದೆ. ಚಿಕ್ಕಿಗೆ ಕಾಯಿಸಿದ ಸಕ್ಕರೆ ಪಾಕವನ್ನು ತಟ್ಟೆಗೆ ಸುರಿದು ಹಾಗೇ ಬಿಟ್ಟರೆ ತಿಳಿಯಾಗಿ ಗಟ್ಟಿಯಾಗುತ್ತದೆ, ಒತ್ತಿದರೆ ಚಟ್ ಎಂದು ಮುರಿಯುತ್ತದೆ. ಅದು ಗಾಜು. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಮಾಡುವವರು ಅದೇ ಸಕ್ಕರೆಯ ಪಾಕವನ್ನು ತಿಕ್ಕಿ ಅಚ್ಚಿಗೆ ಹೊಯ್ಯುತ್ತಾರೆ. ಅದು ಬೆಳ್ಳಗೆ, ಮಬ್ಬಾಗಿ ಗಟ್ಟಿಯಾಗುತ್ತದೆ. ಅದು ಹರಳು. ಸಾಮಾನು ಒಂದೇ, ಆರಿಸಿದ ರೀತಿ ಬೇರೆ. ಒಂದರಲ್ಲಿ ಕಣಗಳಿಗೆ ಸಾಲಾಗಿ ನಿಲ್ಲಲು ಪುರುಸೊತ್ತು ಸಿಗಲಿಲ್ಲ, ಇನ್ನೊಂದರಲ್ಲಿ ಸಿಕ್ಕಿತು.

ಫರ್ನೇಸ್ ಬಾಗಿಲು ತೆಗೆಯುವ ಮೊದಲು

ಬಾಗಿಲು ತೆಗೆಯುವಾಗ ಫರ್ನೇಸಿನ ಮೇನ್ ಸ್ವಿಚ್ ಆರಿಸಿ. ಒಳಗಿನ ಕಾಯಿಲ್‌ನಲ್ಲಿ ಕರೆಂಟ್ ಇರುವಾಗ ಕಬ್ಬಿಣದ ಇಕ್ಕಳ ತಾಗಿದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. ಮುಖಕ್ಕೆ ಶೀಲ್ಡ್, ಕೈಗೆ ಶಾಖ ತಡೆಯುವ ಕೈಗವಸು, ಕಾಲಿಗೆ ಮುಚ್ಚಿದ ಬೂಟು ಬೇಕು. ಚಪ್ಪಲಿ ಹಾಕಿಕೊಂಡು ಗಾಜು ಸುರಿಯುವವರನ್ನು ನಾನು ಹೊರಗೆ ಕಳಿಸುತ್ತೇನೆ. ಸುರಿಯುವ ಹಿತ್ತಾಳೆ ಪ್ಲೇಟಿನ ಮೇಲೆ ಒಂದು ಹನಿ ನೀರೂ ಇರಬಾರದು. ಸಾವಿರ ಡಿಗ್ರಿಯ ದ್ರವ ಅದರ ಮೇಲೆ ಬಿದ್ದರೆ ನೀರು ಒಮ್ಮೆಲೇ ಹಬೆಯಾಗಿ ಗಾಜನ್ನು ಮುಖಕ್ಕೆ ಸಿಡಿಸುತ್ತದೆ. ಮಳೆಗಾಲದಲ್ಲಿ ತಣ್ಣನೆಯ ಪ್ಲೇಟಿನ ಮೇಲೆ ತೇವ ಕೂತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ನೂರೈವತ್ತು ಡಿಗ್ರಿಗೆ ಬಿಸಿ ಮಾಡಿಯೇ ಬಳಸಿ.

ಸೀಸ, ವೆನೇಡಿಯಂ, ಟೆಲ್ಲೂರಿಯಂ ಆಕ್ಸೈಡುಗಳನ್ನು ಹೊಗೆ ಎಳೆಯುವ ಹುಡ್ ಇಲ್ಲದೆ ಕರಗಿಸಬೇಡಿ. ಟೆಲ್ಲೂರಿಯಂ ಮೈಗೆ ಸೇರಿದರೆ ಉಸಿರು ಬೆಳ್ಳುಳ್ಳಿ ವಾಸನೆ ಹೊಡೆಯುತ್ತದೆ. ಖಾನಾವಳಿಯ ಚಟ್ನಿಪುಡಿ ತಿಂದಿಲ್ಲ, ಆದರೂ ಆ ವಾಸನೆ ಬರುತ್ತಿದೆ ಅಂದರೆ ಕೆಲಸ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಏನು ಬಳಸುತ್ತಿದ್ದಿರಿ ಎಂದು ಚೀಟಿ ಬರೆದುಕೊಂಡು ಹೋಗಿ.

ಗಾಜು ಬೆಳ್ಳಗಾಗಿದೆ

ಮೊದಲ ಪ್ರಶ್ನೆ ಇದು: ಯಾವಾಗ ಬೆಳ್ಳಗಾಯಿತು? ಸುರಿದ ಕೂಡಲೇ ಬೆಳ್ಳಗಾಗಿದ್ದರೆ ಅದರ ದಾರಿ ಬೇರೆ. ಎರಡು ದಿನ ಬಿಟ್ಟು ಬೆಳ್ಳಗಾಗಿದ್ದರೆ ಅದು ಬಹುತೇಕ ತೇವದ ಕೆಲಸ.

ಎರಡನೆಯದು, ಬಿಳಿ ಎಲ್ಲಿದೆ? ಒಂದು ತುಂಡನ್ನು ಬಟ್ಟೆಯಲ್ಲಿ ಸುತ್ತಿ, ಕನ್ನಡಕ ಹಾಕಿಕೊಂಡು ಮುರಿಯಿರಿ. ಒಳಗಿನ ಮುಖ ತಿಳಿಯಾಗಿ ಹೊಳೆಯುತ್ತಿದ್ದು ಚರ್ಮದ ಹಾಗೆ ಹೊರಗಷ್ಟೇ ಬಿಳಿ ಇದ್ದರೆ ನಿಮ್ಮ ಗಾಜು ಚೆನ್ನಾಗಿಯೇ ಇದೆ. ಅದು ಗಾಳಿಯ ನೀರು ಕುಡಿದಿದೆ, ಅಷ್ಟೆ. ಬೋರಾನ್ ಆಕ್ಸೈಡ್ ಜಾಸ್ತಿ ಇರುವ ಗಾಜಿಗೂ ಫಾಸ್ಫೇಟ್ ಗಾಜಿಗೂ ಈ ಚಟ ಇದೆ. ಬೋರಾನ್ ಗಾಜಿನ ಮೇಲ್ಮೈ ನೀರಿನೊಂದಿಗೆ ಸೇರಿ ಬೋರಿಕ್ ಆಮ್ಲವಾಗುತ್ತದೆ. ಫಾಸ್ಫೇಟ್ ಆದರೆ ಬೆಳ್ಳಗಾಗುವ ಬದಲು ಅಂಟಂಟಾಗುವುದೇ ಜಾಸ್ತಿ. ಹೊರಪದರ ತಿಕ್ಕಿ ತೆಗೆದು, ಒಣ ತುಂಡನ್ನು ಡೆಸಿಕೇಟರ್‌ಗೆ, ಅಂದರೆ ತೇವ ಹೀರುವ ಕಾಳು ಇಟ್ಟ ಬಿಗಿ ಮುಚ್ಚಳದ ಡಬ್ಬಿಗೆ, ಸೇರಿಸಿ. ತಿಕ್ಕಲು ನೀರು ಬಳಸಬೇಡಿ, ಸೀಮೆಎಣ್ಣೆ ಅಥವಾ ಪ್ಯಾರಾಫಿನ್ ಎಣ್ಣೆ ಸಾಕು.

ಡೆಸಿಕೇಟರ್‌ನಲ್ಲೇ ಇಟ್ಟಿದ್ದೆ ಅನ್ನುತ್ತೀರಾ? ಒಳಗಿನ ಸಿಲಿಕಾ ಜೆಲ್‌ನ ಬಣ್ಣ ನೋಡಿ. ನೀಲಿ ಬಗೆಯದು ಗುಲಾಬಿಯಾಗಿದ್ದರೆ ಅದು ತುಂಬಿ ಹೋಗಿದೆ. ನಾನು ನೋಡಿದ ಡೆಸಿಕೇಟರ್‌ಗಳಲ್ಲಿ ಅರ್ಧಕ್ಕರ್ಧ ಗುಲಾಬಿ ಇದ್ದವು, ಮುಚ್ಚಳದ ಗ್ರೀಸ್ ಒಣಗಿತ್ತು. ಜೆಲ್ಲನ್ನು ಓವನ್‌ನಲ್ಲಿ ನೂರಿಪ್ಪತ್ತು ಡಿಗ್ರಿಗೆ ಕೆಲವು ಗಂಟೆ ಇಟ್ಟರೆ ಮತ್ತೆ ನೀಲಿಗೆ ತಿರುಗುತ್ತದೆ. ಖರ್ಚಿಲ್ಲದ ರಿಪೇರಿ. ಈ ನೀಲಿ ಕೋಬಾಲ್ಟ್‌ನದು, ಹಾಗಾಗಿ ಬರಿಗೈಯಲ್ಲಿ ಮುಟ್ಟದಿದ್ದರೆ ಒಳ್ಳೆಯದು.

ಈಗ ಒಳಗಿನ ತನಕ ಬೆಳ್ಳಗಿದ್ದರೆ. ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಪಕ್ಕದಿಂದ ಬೆಳಕು ಬಿಟ್ಟಾಗ ತೆಳು ನೀಲಿ ಕಂಡು, ಹಿಂದಿನಿಂದ ಬಿಟ್ಟಾಗ ಕಿತ್ತಳೆ ಛಾಯೆ ಕಂಡರೆ, ಗಾಜು ಎರಡು ಬಗೆಯ ಗಾಜಾಗಿ ಒಡೆದಿದೆ ಎಂದು ಅನುಮಾನ ಪಡಬೇಕು. ನೀರು ಬೆರೆಸಿದ ಹಾಲಿನ ಲೋಟದಲ್ಲಿ ಕಾಣುವ ಬಣ್ಣವೇ ಇದು, ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳು ಬೆಳಕು ಚೆದುರಿಸುತ್ತವೆ. ಇಂಥದ್ದಕ್ಕೆ ಎಕ್ಸ್‌ಆರ್‌ಡಿಯಲ್ಲಿ ಪೀಕ್ ಬರಲಿಕ್ಕಿಲ್ಲ. ಬಿಳಿ ಸುಣ್ಣದ ಹಾಗೆ ದಟ್ಟವಾಗಿದ್ದು ಮುರಿದ ಮುಖ ಹೊಳೆಯದೆ ಒರಟಾಗಿದ್ದರೆ ಅದು ಹರಳಾಗಿದೆ. ಅಲ್ಲಲ್ಲಿ ಮಾತ್ರ ಬಿಳಿ ಚುಕ್ಕೆ ಇದ್ದರೆ ಪುಡಿ ಪೂರ್ತಿ ಕರಗಿಲ್ಲ, ಅಥವಾ ಕ್ರೂಸಿಬಲ್‌ನ (ಪುಡಿ ಕರಗಿಸುವ ಮೂಸೆ) ಚೂರು ಸೇರಿದೆ.

ಹರಳಾಗಿದ್ದಕ್ಕೆ ಕಾರಣ ಹುಡುಕುವಾಗಲೂ ಅಗ್ಗದ್ದು ಮೊದಲು. ಸುರಿದ ಗಾಜು ದಪ್ಪವಾಯಿತೇ? ಮೇಲಿಂದ ಇನ್ನೊಂದು ಪ್ಲೇಟ್ ಒತ್ತಿ ಒಂದೆರಡು ಮಿಲಿಮೀಟರ್‌ಗೆ ಇಳಿಸಿ. ಕ್ರೂಸಿಬಲ್ ತೆಗೆದು ಸುರಿಯುವಷ್ಟರಲ್ಲಿ ಗೆಳೆಯನ ಜೊತೆ ಮಾತಾಡಿದಿರೇ? ಆ ಹತ್ತು ಸೆಕೆಂಡು ಸಾಕು. ಪ್ಲೇಟ್ ತೆಳ್ಳಗಿದ್ದರೆ ಶಾಖ ಎಳೆದುಕೊಳ್ಳುವುದಿಲ್ಲ. ಹುಬ್ಬಳ್ಳಿ ಗೋಕುಲ ರೋಡಿನ ಕಡೆ ಲೇತ್ ಕೆಲಸದವರಿಗೆ ಹೇಳಿದರೆ ಹಿತ್ತಾಳೆಯ ದಪ್ಪ ತುಂಡನ್ನು ಸಮ ಮಾಡಿ ಕೊಡುತ್ತಾರೆ.

ಇಷ್ಟೆಲ್ಲ ಸರಿ ಇದ್ದೂ ಹರಳಾಗುತ್ತಿದ್ದರೆ ನಿಮ್ಮ ಮಿಶ್ರಣವೇ ಗಾಜಾಗುವ ಮಿತಿ ದಾಟಿರಬಹುದು. ಗಾಜಿನಲ್ಲಿ ಪರಮಾಣುಗಳು ಹೇಗೆ ಕೂತಿರುತ್ತವೆ ಎಂದು 1932ರಲ್ಲಿ ವಿಜ್ಞಾನಿ ಜಕರಾಯಸನ್ ಬರೆದದ್ದನ್ನು ಎಲ್ಲರೂ ಓದಿರುತ್ತೀರಿ. ಬೋರಾನ್, ಸಿಲಿಕಾನ್, ಫಾಸ್ಫರಸ್ ಆಕ್ಸೈಡುಗಳು ತಾವೇ ಬಲೆ ಹೆಣೆದು ಗಾಜಾಗುತ್ತವೆ. ಟೆಲ್ಲೂರಿಯಂ ಆಕ್ಸೈಡ್ ಒಂದನ್ನೇ ಕರಗಿಸಿ ಸುರಿದರೆ ಸುಲಭಕ್ಕೆ ಗಾಜಾಗುವುದಿಲ್ಲ, ಇನ್ನೊಂದು ಆಕ್ಸೈಡಿನ ಜೊತೆ ಬೇಕು. ಸೋಡಿಯಂ, ಲಿಥಿಯಂ ಬಲೆ ಹೆಣೆಯುವವಲ್ಲ. ಅವನ್ನು ಏರಿಸುತ್ತ ಹೋದರೆ ಒಂದು ಹಂತದಲ್ಲಿ ಬಲೆ ಹರಿಯುತ್ತದೆ. ಐದೈದು ಮೋಲ್ ಶೇಕಡಾ (ತೂಕದ ಬದಲು ಅಣುಗಳ ಎಣಿಕೆಯಲ್ಲಿ ಶೇಕಡಾ) ಕಡಿಮೆ ಮಾಡಿ ನೋಡಿ. ಆದರೆ ಅದಕ್ಕೂ ಮೊದಲು ತೂಕದ ಲೆಕ್ಕ ಇನ್ನೊಮ್ಮೆ ಬಿಡಿಸಿ.

ಎಲ್ಲ ಸರಿ ಮಾಡಿದೆ, ಆದರೂ ಗುಣ ಪುಸ್ತಕದ ಹಾಗೆ ಬರುತ್ತಿಲ್ಲ

ಇಲ್ಲಿ ಸ್ವಲ್ಪ ನಿಲ್ಲೋಣ. ನಾವು ಕ್ರೂಸಿಬಲ್‌ಗೆ ಹಾಕುವುದು ಆಕ್ಸೈಡ್ ಅಲ್ಲ. ಬೋರಾನ್ ಆಕ್ಸೈಡ್ ಬೇಕೆಂದರೆ ಬೋರಿಕ್ ಆಮ್ಲ ಹಾಕುತ್ತೇವೆ, ಸೋಡಿಯಂ ಆಕ್ಸೈಡಿಗೆ ಸೋಡಿಯಂ ಕಾರ್ಬೊನೇಟ್. ಕಾಯಿಸಿದಾಗ ನೀರು, ಇಂಗಾಲದ ಡೈಆಕ್ಸೈಡ್ ಹಾರಿ ಹೋಗುತ್ತವೆ. ಒಂದು ಗ್ರಾಂ ಬೋರಾನ್ ಆಕ್ಸೈಡಿಗೆ 1.776 ಗ್ರಾಂ ಬೋರಿಕ್ ಆಮ್ಲ ಬೇಕು. ಒಂದು ಗ್ರಾಂ ಸೋಡಿಯಂ ಆಕ್ಸೈಡಿಗೆ 1.710 ಗ್ರಾಂ ಕಾರ್ಬೊನೇಟ್. ಲಿಥಿಯಂಗೆ ಈ ಸಂಖ್ಯೆ 2.473.

ಈ ಗುಣಕವನ್ನು ಮರೆತು ಆಕ್ಸೈಡಿನ ತೂಕವನ್ನೇ ಹಾಕಿದರೆ ಏನಾಗುತ್ತದೆ? ಮೂವತ್ತು ಸೋಡಿಯಂ ಆಕ್ಸೈಡ್, ಎಪ್ಪತ್ತು ಬೋರಾನ್ ಆಕ್ಸೈಡ್ ಎಂದು ಮೋಲ್ ಲೆಕ್ಕದಲ್ಲಿ ಹೊರಟಿರಿ ಅನ್ನಿ. ತಪ್ಪು ಮಾಡಿದರೂ ನಿಮಗೆ ಸಿಗುವ ಗಾಜು 30.8ಕ್ಕೆ 69.2. ಎರಡೂ ಗುಣಕ ಹತ್ತಿರ ಹತ್ತಿರ ಇರುವುದರಿಂದ ತಪ್ಪು ಅಡಗಿಕೊಳ್ಳುತ್ತದೆ. ಗಾಜು ಚೆನ್ನಾಗಿ ಬರುತ್ತದೆ, ಎಲ್ಲರೂ ಬೆನ್ನು ತಟ್ಟುತ್ತಾರೆ. ಅದೇ ತಪ್ಪು ರೂಢಿಯಲ್ಲಿ ಮುಂದಿನ ವರ್ಷದ ಹುಡುಗಿ ಲಿಥಿಯಂ ಗಾಜು ಮಾಡುತ್ತಾಳೆ. ಅವಳಿಗೆ ಸಿಗುವುದು 30ಕ್ಕೆ 70 ಅಲ್ಲ, 23.5ಕ್ಕೆ 76.5.

ಇದು ಬರೀ ಲೆಕ್ಕದ ಮಾತಲ್ಲ. ಬೋರಾನ್ ಗಾಜಿಗೆ ಕ್ಷಾರ (ಸೋಡಿಯಂ, ಲಿಥಿಯಂ ಆಕ್ಸೈಡ್) ಸೇರಿಸಿದಾಗ ಮೂರು ಆಮ್ಲಜನಕ ಹಿಡಿದಿದ್ದ ಬೋರಾನ್‌ಗಳಲ್ಲಿ ಕೆಲವು ನಾಲ್ಕು ಹಿಡಿಯಲು ಶುರು ಮಾಡುತ್ತವೆ. ಭೌತವಿಜ್ಞಾನಿ ಫಿಲಿಪ್ ಬ್ರೇ ಮತ್ತು ಜೊತೆಗಾರರು ಎನ್‌ಎಂಆರ್‌ನಲ್ಲಿ (ಪರಮಾಣುವಿನ ಸುತ್ತ ಏನಿದೆ ಎಂದು ಕಾಂತಕ್ಷೇತ್ರದಲ್ಲಿಟ್ಟು ತಿಳಿಯುವ ವಿಧಾನ) ಅಳೆದು ತೋರಿಸಿದ ಹಾಗೆ, ಸುಮಾರು 30 ಮೋಲ್ ಶೇಕಡಾ ತನಕ ನಾಲ್ಕು ಹಿಡಿದ ಬೋರಾನ್‌ನ ಪಾಲು ಎಂದರೆ ಕ್ಷಾರದ ಪಾಲನ್ನು ಬೋರಾನ್ ಆಕ್ಸೈಡಿನ ಪಾಲಿನಿಂದ ಭಾಗಿಸಿದಷ್ಟು. ಮೂವತ್ತಕ್ಕೆ ಎಪ್ಪತ್ತು ಇದ್ದರೆ 0.43. ಆ ಹುಡುಗಿಯ ಗಾಜಿಗೆ 0.31 ಬರುತ್ತದೆ. ಲಿಥಿಯಂ ಬೋರೇಟಿನಲ್ಲಿ ಅಚ್ಚರಿಯ ರಚನೆ ಎಂದು ಪೇಪರ್ ಬರೆಯುವಷ್ಟು ಫರಕು ಅದು. ಕಾರಣ ಮಾತ್ರ ತಕ್ಕಡಿಯಲ್ಲಿದೆ.

ಇದನ್ನು ಹಿಡಿಯಲು ಒಂದು ಪುಕ್ಕಟೆ ಪರೀಕ್ಷೆ ಇದೆ. ಕ್ರೂಸಿಬಲ್ ಖಾಲಿ ಇದ್ದಾಗ, ಪುಡಿ ಹಾಕಿದಾಗ, ಕರಗಿಸಿ ಆರಿಸಿದ ಮೇಲೆ, ಹೀಗೆ ಮೂರು ಸಲ ತೂಗಿ. ಒಂದು ಸಣ್ಣ ಬ್ಯಾಚನ್ನು ಇದಕ್ಕೇ ಬಲಿ ಕೊಡಿ, ಸುರಿಯದೆ ಒಳಗೇ ಆರಲು ಬಿಡಿ. ಹತ್ತು ಗ್ರಾಂ ಸೋಡಿಯಂ ಬೋರೇಟ್ ಗಾಜಿಗೆ, ಅದೇ 30ಕ್ಕೆ 70, 4.72 ಗ್ರಾಂ ಕಾರ್ಬೊನೇಟ್, 12.86 ಗ್ರಾಂ ಬೋರಿಕ್ ಆಮ್ಲ ಬೇಕು. ಒಟ್ಟು 17.58. ಅಂದರೆ 7.58 ಗ್ರಾಂ ಹಾರಬೇಕು. ಇದಕ್ಕಿಂತ ಜಾಸ್ತಿ ಹಾರಿದರೆ ಒಂದೋ ನಿಮ್ಮ ಕಾರ್ಬೊನೇಟ್ ಹಸಿ ಇತ್ತು, ಇಲ್ಲವೇ ಜಾಸ್ತಿ ಹೊತ್ತು ಕಾಯಿಸಿ ಬೋರಾನ್, ಸೋಡಿಯಂ ಕೂಡ ಹಾರಿಸಿದಿರಿ. ಕಡಿಮೆ ಹಾರಿದರೆ ಕಾರ್ಬೊನೇಟ್ ಪೂರ್ತಿ ಒಡೆದಿಲ್ಲ, ಅಥವಾ ಗಾಜಿನಲ್ಲಿ ನೀರು ಉಳಿದಿದೆ. ಕಾರ್ಬೊನೇಟನ್ನು ಇನ್ನೂರೈವತ್ತು ಡಿಗ್ರಿಯಲ್ಲಿ ಒಣಗಿಸಿ ತೂಗುವುದು ಒಳ್ಳೆಯದು. ಬೋರಿಕ್ ಆಮ್ಲವನ್ನು ಮಾತ್ರ ಹಾಗೆ ಒಣಗಿಸಬೇಡಿ. ನೂರು ಡಿಗ್ರಿ ದಾಟಿದರೆ ಅದು ತನ್ನ ನೀರನ್ನೇ ಬಿಡಲು ಶುರು ಮಾಡಿ ಲೆಕ್ಕ ತಪ್ಪಿಸುತ್ತದೆ.

ಕ್ರೂಸಿಬಲ್‌ನಿಂದ ಉಕ್ಕಿ ಹರಿಯಿತು

ಹಾಲು ಉಕ್ಕಿದ ಹಾಗೆಯೇ. ಅನಿಲ ಒಮ್ಮೆಲೇ ಹೊರಟಿತು. ಕ್ರೂಸಿಬಲ್‌ನ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ಮುನ್ನೂರು ಡಿಗ್ರಿಯಲ್ಲಿ ಒಂದು ಗಂಟೆ, ಆಮೇಲೆ ಆರುನೂರರಲ್ಲಿ ಇನ್ನೊಂದು ಗಂಟೆ ನಿಲ್ಲಿಸಿ, ಬಳಿಕ ಏರಿಸಿ. ಅಮೋನಿಯಂ ಫಾಸ್ಫೇಟ್ ಬಳಸಿದರೆ ಮೂಗಿಗೆ ಅಮೋನಿಯಾ ಘಾಟು ಹೊಡೆಯುತ್ತದೆ. ಘಾಟು ನಿಲ್ಲುವ ತನಕ ತಾಪ ಏರಿಸಬಾರದು ಎಂದು ಹಳಬರು ಹೇಳುತ್ತಿದ್ದದ್ದು ಸರಿಯೇ, ಆದರೆ ಮೂಗನ್ನು ಮೀಟರ್ ಮಾಡಿಕೊಳ್ಳಬೇಡಿ. ಹುಡ್ ಹಾಕಿ, ಗಡಿಯಾರ ನೋಡಿ. ಉಕ್ಕಿದ್ದು ಫರ್ನೇಸಿನ ನೆಲಕ್ಕೆ ಬಿದ್ದರೆ ಇಟ್ಟಿಗೆಯನ್ನೇ ತಿನ್ನುತ್ತದೆ. ಕೆಳಗೊಂದು ಅಲ್ಯುಮಿನಾ ತುಂಡು ಇಡುವ ಅಭ್ಯಾಸ ಮಾಡಿಕೊಳ್ಳಿ.

ಉಕ್ಕಿದ ಬ್ಯಾಚಿನ ಉಳಿದ ಗಾಜನ್ನು ಅಳತೆಗೆ ಬಳಸಬೇಡಿ. ಯಾವುದು ಎಷ್ಟು ಹೋಯಿತೋ ದೇವರಿಗೇ ಗೊತ್ತು.

ಡಿಸ್‌ಪ್ಲೇ ಸಾವಿರ ತೋರಿಸುತ್ತದೆ, ಪುಡಿ ಕರಗುತ್ತಿಲ್ಲ

ತಾಪ ನಿಜವಾಗಿ ಎಷ್ಟಿದೆ ಎಂದು ಚಿಟಿಕೆ ಉಪ್ಪಿನಲ್ಲಿ ತಿಳಿಯಬಹುದು. ಶುದ್ಧ ಸೋಡಿಯಂ ಕ್ಲೋರೈಡ್ 801 ಡಿಗ್ರಿಗೆ ಕರಗುತ್ತದೆ. ಸಣ್ಣ ಕ್ರೂಸಿಬಲ್‌ನಲ್ಲಿ ಸ್ವಲ್ಪ ಹಾಕಿ, ಡಿಸ್‌ಪ್ಲೇ 780 ತೋರಿಸುವಾಗ ಅರ್ಧ ಗಂಟೆ, 820ರಲ್ಲಿ ಅರ್ಧ ಗಂಟೆ ಇಟ್ಟು ಎರಡೂ ಸಲ ಆರಿಸಿ ನೋಡಿ. ಮೊದಲನೆಯದರಲ್ಲಿ ಕಾಳು ಕಾಳಾಗಿಯೇ ಉಳಿದು ಎರಡನೆಯದರಲ್ಲಿ ಗಡ್ಡೆಯಾಗಿದ್ದರೆ ನಿಮ್ಮ ಥರ್ಮೋಕಪಲ್ಲನ್ನು, ಅಂದರೆ ತಾಪ ಅಳೆಯುವ ತಂತಿಯನ್ನು, ನಂಬಬಹುದು. ಉಪ್ಪಿನ ಹಬೆ ಲೋಹಕ್ಕೆ ಒಳ್ಳೆಯದಲ್ಲ, ಚಿಟಿಕೆಗಿಂತ ಜಾಸ್ತಿ ಬೇಡ.

ಫರಕು ಕಂಡರೆ ಥರ್ಮೋಕಪಲ್‌ನ ತುದಿ ಗೋಡೆಗೆ ಒತ್ತಿದೆಯೋ, ಒಳಗೆ ಚಾಚಿದೆಯೋ ನೋಡಿ. ಬಾಗಿಲು ಪೂರ್ತಿ ಕೂಡುತ್ತದೆಯೋ ನೋಡಿ. ಯಾರೋ ತಂತಿ ಬಿಚ್ಚಿ ತಿರುಗಾ ಮುರುಗಾ ಜೋಡಿಸಿದ್ದರೆ ಫರ್ನೇಸ್ ಕಾದಂತೆ ಡಿಸ್‌ಪ್ಲೇ ಇಳಿಯುತ್ತ ಹೋಗುತ್ತದೆ. ಅದನ್ನು ಕಂಡ ಕೂಡಲೇ ಆರಿಸಿ, ಯಾಕಂದರೆ ಕಂಟ್ರೋಲರ್ ಇನ್ನೂ ತಣ್ಣಗಿದೆ ಎಂದುಕೊಂಡು ಕಾಯಿಸುತ್ತಲೇ ಇರುತ್ತದೆ.

ತಾಪ ಏರುವುದೇ ನಿಧಾನವಾಗಿದ್ದರೆ ಮೊದಲು ವೋಲ್ಟೇಜ್ ನೋಡಿ. ಸಂಜೆ ಹೊತ್ತು 230ರ ಬದಲು 200 ಬರುತ್ತಿದ್ದರೆ ಫರ್ನೇಸಿನ ಶಕ್ತಿ ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ, ಯಾಕಂದರೆ ಅದು ವೋಲ್ಟೇಜಿನ ವರ್ಗದ ಲೆಕ್ಕ. ಬೆಳಿಗ್ಗೆ ಇದೇ ಫರ್ನೇಸ್ ಚುರುಕಾಗಿದ್ದರೆ ಉತ್ತರ ಸಿಕ್ಕಿತು. ಬೆಳಿಗ್ಗೆಯೂ ನಿಧಾನ ಅಂದರೆ ಕಾಯಿಲ್ ಸುಟ್ಟಿರಬಹುದು. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು, ಎಲೆಕ್ಟ್ರಿಷಿಯನ್‌ನ ಕೆಲಸ ಶುರು. ಹಿಂದಿನ ಮುಚ್ಚಳ ನೀವು ಬಿಚ್ಚಬೇಡಿ. ಫರ್ನೇಸ್ ಮೈ ಮುಟ್ಟಿದಾಗ ಜುಮ್ ಅಂದರಂತೂ ಅರ್ಥಿಂಗ್ ನೋಡಿಸದೆ ಮತ್ತೆ ಸ್ವಿಚ್ ಹಾಕಲೇಬಾರದು.

ಗಾಜು ತಾನಾಗಿ ಸಿಡಿಯುತ್ತದೆ, ಒಳಗೆ ಗುಳ್ಳೆ ಇದೆ

ಸುರಿದು ಹತ್ತು ನಿಮಿಷಕ್ಕೆ ಚಟ್ ಚಟ್ ಅನ್ನುವುದು ಒಳಗಿನ ಬಿಗಿತ. ಹೊರಮೈ ಮೊದಲು ಗಟ್ಟಿಯಾಯಿತು, ಒಳಗಿನದು ಆಮೇಲೆ ಕುಗ್ಗಿತು. ಸುರಿದ ಕೂಡಲೇ ಇನ್ನೊಂದು ಫರ್ನೇಸಿಗೆ ದಾಟಿಸಿ, ಗಾಜು ಮೆದುವಾಗಲು ಶುರುವಾಗುವ ತಾಪಕ್ಕಿಂತ ಇಪ್ಪತ್ತು ಮೂವತ್ತು ಡಿಗ್ರಿ ಕೆಳಗೆ ಒಂದೆರಡು ಗಂಟೆ ಇಟ್ಟು, ಬಾಗಿಲು ತೆರೆಯದೆ ರಾತ್ರಿಯಿಡೀ ಆರಲು ಬಿಡಿ. ಪ್ಲೇಟನ್ನು ಜಾಸ್ತಿ ಬಿಸಿ ಮಾಡಿದರೆ ಸಿಡಿಯುವುದು ಕಡಿಮೆ, ಆದರೆ ಹರಳಾಗುವ ಭಯ ಜಾಸ್ತಿ. ಎರಡರ ನಡುವೆ ನಿಮ್ಮ ಗಾಜಿಗೆ ಹೊಂದುವ ಜಾಗ ನೀವೇ ಹುಡುಕಬೇಕು, ಇದಕ್ಕೆ ಅಡ್ಡದಾರಿ ಇಲ್ಲ.

ಬಿಗಿತ ಉಳಿದಿದೆಯೇ ಎಂದು ನೋಡಲು ಲ್ಯಾಪ್‌ಟಾಪ್ ಸಾಕು. ಎಲ್‌ಸಿಡಿ ಪರದೆ ಪೂರ್ತಿ ಬಿಳಿ ಮಾಡಿ, ಮುಂದೆ ಗಾಜು ಹಿಡಿದು, ಪೋಲರಾಯ್ಡ್ ತಂಪು ಕನ್ನಡಕದಲ್ಲಿ ನೋಡಿ. ಕನ್ನಡಕ ತಿರುಗಿಸಿ ಪರದೆ ಕಪ್ಪಾದಾಗ ಗಾಜಿನೊಳಗೆ ಬೆಳಕು, ಬಣ್ಣದ ಪಟ್ಟೆ ಕಂಡರೆ ಬಿಗಿತ ಇನ್ನೂ ಇದೆ. ಸಂಕ್ರಾಂತಿಗೆ ಕೊಂಡ ಅಗ್ಗದ ಕನ್ನಡಕ ಪೋಲರಾಯ್ಡ್ ಆಗಿರಲಿಕ್ಕಿಲ್ಲ, ಮೊದಲು ಬರಿ ಪರದೆಯ ಮುಂದೆ ತಿರುಗಿಸಿ ನೋಡಿ.

ಗುಳ್ಳೆಗೆ ಬೇರೇನಿಲ್ಲ, ಅವಸರ ಕಾರಣ. ದ್ರವ ಮೇಲೆ ಶಾಂತವಾಗುವ ತನಕ ಕಾಯಿರಿ, ನಡುವೆ ಎರಡು ಸಲ ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ಸುತ್ತಿಸಿ.

ಬಣ್ಣ ಇರಬಾರದು, ಬಂದಿದೆ

ತೆಳು ಹಸಿರು ಅಥವಾ ಹಳದಿ ಇದ್ದರೆ ಕಬ್ಬಿಣ ಸೇರಿದೆ. ಕಚ್ಚಾ ಪುಡಿಯ ಶುದ್ಧತೆ, ಕಬ್ಬಿಣದ ಚಮಚ, ಇಕ್ಕಳದ ತುಕ್ಕು ನೋಡಿ. ಬಿಸ್ಮತ್ ಗಾಜು ಕಂದಾಗಿ ಕಪ್ಪಾಗುತ್ತಿದ್ದರೆ ಜಾಸ್ತಿ ಕಾಯಿಸಿದ್ದೀರಿ, ಆಕ್ಸೈಡ್ ಆಮ್ಲಜನಕ ಬಿಟ್ಟು ಲೋಹದ ಕಡೆ ಹೊರಟಿದೆ. ತಾಪ ಇಳಿಸಿ. ಬಿಸ್ಮತ್, ಸೀಸ ಇರುವುದನ್ನು ಪ್ಲಾಟಿನಂ ಕ್ರೂಸಿಬಲ್‌ನಲ್ಲಿ ಕರಗಿಸುವ ಯೋಚನೆ ಇದ್ದರೆ ಗೈಡ್ ಅವರನ್ನು ಕೇಳದೆ ಹೋಗಬೇಡಿ. ಆ ಲೋಹಗಳು ಪ್ಲಾಟಿನಂ ಜೊತೆ ಬೆರೆತು ತಳ ತೂತು ಮಾಡುತ್ತವೆ. ಅದರ ಬೆಲೆ ನಿಮ್ಮ ಫೆಲೋಶಿಪ್‌ಗೆ ನಿಲುಕುವುದಿಲ್ಲ.

ಎಕ್ಸ್‌ಆರ್‌ಡಿಯಲ್ಲಿ ಬೇಡದ ಪೀಕ್

ಗಾಜಾಗಿದ್ದರೆ ತಾಮ್ರದ ಎಕ್ಸ್‌ರೇ ಟ್ಯೂಬಿನಲ್ಲಿ 2θ ಕೋನ ಇಪ್ಪತ್ತರಿಂದ ಮೂವತ್ತು ಡಿಗ್ರಿಯ ಆಸುಪಾಸಿನಲ್ಲಿ ಅಗಲ ಗುಡ್ಡ ಬರುತ್ತದೆ, ಚೂಪು ಪೀಕ್ ಇರುವುದಿಲ್ಲ. ಚೂಪು ಪೀಕ್ ಬಂದರೆ ಸಾಫ್ಟ್‌ವೇರ್ ತೆರೆಯುವ ಮೊದಲು ಸ್ಥಾನ ನೋಡಿ. 38.5, 44.7, 65.1, 78.2ರಲ್ಲಿ ಇದ್ದರೆ ಅದು ನಿಮ್ಮ ಸ್ಯಾಂಪಲ್ ಅಲ್ಲ, ಅಲ್ಯುಮಿನಿಯಂ ಹೋಲ್ಡರ್. ಪುಡಿ ಕಡಿಮೆ ಹಾಕಿದ್ದೀರಿ. 26.6ರಲ್ಲಿ ಸಣ್ಣ ಮೊಳಕೆ ಇದ್ದರೆ ಕ್ವಾರ್ಟ್ಸ್. ಅಗೇಟ್ ಮಾರ್ಟರ್ ಅಂದರೆ ಕ್ವಾರ್ಟ್ಸೇ ಅಲ್ವಾ, ಗಟ್ಟಿ ಗಾಜನ್ನು ಗಂಟೆಗಟ್ಟಲೆ ಅರೆದರೆ ಮಾರ್ಟರೂ ಸ್ವಲ್ಪ ಪುಡಿಯಾಗುತ್ತದೆ. 25.6, 35.2, 43.4 ಒಟ್ಟಿಗೆ ಕಂಡರೆ ಅಲ್ಯುಮಿನಾ ಕ್ರೂಸಿಬಲ್ ಕರಗಿ ಬಂದಿದೆ. 14.6 ಮತ್ತು 28.0 ಎಂದರೆ ಬೋರಿಕ್ ಆಮ್ಲ. ಮೊದಲಿಗೆ ಹೇಳಿದ ಹುಡುಗನ ಎರಡು ಪೀಕ್ ಇವೇ. ಅದೇ ತುಂಡಿನ ಒಳಭಾಗವನ್ನು ಹೊಸದಾಗಿ ಪುಡಿ ಮಾಡಿ ಅದೇ ದಿನ ಕೊಟ್ಟಾಗ ಎರಡೂ ಮಾಯ.

ಪೀಕ್ ಬರದೇ ಇರುವುದೂ ಮೋಸ ಮಾಡಬಹುದು. ಸ್ವಲ್ಪವೇ ಪುಡಿಯನ್ನು ಗಾಜಿನ ಸ್ಲೈಡಿನ ಮೇಲೆ ಸವರಿ ಇಟ್ಟರೆ ಕಾಣುವ ಗುಡ್ಡ ಸ್ಲೈಡಿನದ್ದೇ ಆಗಿರಬಹುದು. ಖಾಲಿ ಸ್ಲೈಡನ್ನೂ ಒಂದು ಸಲ ಓಡಿಸಿ ಇಟ್ಟುಕೊಳ್ಳಿ. ಇನ್ನೊಂದು, ಶೇಕಡಾ ಒಂದೆರಡು ಹರಳಿದ್ದರೆ ಸಾಮಾನ್ಯ ಸ್ಕ್ಯಾನ್‌ನಲ್ಲಿ ಕಾಣಲಿಕ್ಕಿಲ್ಲ. ಕಣ್ಣಿಗೆ ಮಬ್ಬಾಗಿ ಕಂಡ ಗಾಜನ್ನು ಎಕ್ಸ್‌ಆರ್‌ಡಿ ಸುಮ್ನೆ ಗಾಜು ಅಂದರೆ ನಾನು ಕಣ್ಣನ್ನು ನಂಬುತ್ತೇನೆ.

ಹರಳಿನ ಪುಡಿ ಮಾಡುವವರಿಗೆ ಎಲ್ಲ ಪೀಕ್‌ಗಳೂ ಒಂದೇ ಕಡೆಗೆ ಸರಿದಿದ್ದರೆ ಲ್ಯಾಟಿಸ್ (ಹರಳಿನ ಪರಮಾಣು ಜಾಲ) ಹಿಗ್ಗಿತು ಎಂದು ಬರೆಯುವ ಅವಸರ ಬೇಡ. ಪುಡಿ ಹೋಲ್ಡರ್‌ನ ಅಂಚಿಗಿಂತ ಮೇಲೋ ಕೆಳಗೋ ಕೂತಿದ್ದರೂ ಹಾಗೇ ಆಗುತ್ತದೆ. ಸ್ವಲ್ಪ ಸಿಲಿಕಾನ್ ಪುಡಿ ಬೆರೆಸಿ ಮತ್ತೆ ತೆಗೆಸಿ. ಅದರ ಮೊದಲ ಪೀಕ್ 28.44ರಲ್ಲಿ ಇರಬೇಕು. ಅದೂ ಸರಿದಿದ್ದರೆ ತಪ್ಪು ಕೂರಿಸಿದ್ದರಲ್ಲಿದೆ. ಕಬ್ಬಿಣ, ಕೋಬಾಲ್ಟ್ ಇರುವ ಸ್ಯಾಂಪಲ್‌ಗೆ ತಾಮ್ರದ ಟ್ಯೂಬ್ ಬಳಸಿದರೆ ತಳದ ಗದ್ದಲ ಏರುತ್ತದೆ, ಅದು ಸ್ಯಾಂಪಲ್ ಹೊಮ್ಮಿಸುವ ಬೆಳಕು, ಗಾಜಿನ ಗುಡ್ಡವಲ್ಲ. ಎಕ್ಸ್‌ರೇ ಯಂತ್ರದ ಬಾಗಿಲಿನ ಲಾಕ್ ಕೈ ಕೊಟ್ಟರೆ ಅಥವಾ ದೀಪ ಹತ್ತದಿದ್ದರೆ ಅಲ್ಲಿನ ಆಪರೇಟರ್‌ಗೆ ಹೇಳಿ ಹೊರಬನ್ನಿ. ಅದು ನಾವು ಕೈ ಹಾಕುವ ಜಾಗವಲ್ಲ.

ಬೇಕಾದ ಫೇಸ್ (ಹರಳಿನ ಬಗೆ) ಶುದ್ಧವಾಗಿ ಬರುತ್ತಿಲ್ಲ

ಲ್ಯಾಂಥನಂ ಇರುವ ಪುಡಿಗಳಲ್ಲಿ ಇದು ನಿತ್ಯದ ಗೋಳು. ಡಬ್ಬಿಯ ಮೇಲೆ ಲ್ಯಾಂಥನಂ ಆಕ್ಸೈಡ್ ಎಂದು ಬರೆದಿರುತ್ತದೆ. ಒಳಗಿರುವುದು ಗಾಳಿಯ ನೀರು ಕುಡಿದು ಹೈಡ್ರಾಕ್ಸೈಡ್ ಆಗಿರುತ್ತದೆ. ಪೂರ್ತಿ ಹಾಗಾಗಿದ್ದರೆ ನೀವು ಹಾಕಿದ್ದರಲ್ಲಿ ಲ್ಯಾಂಥನಂ ಶೇಕಡಾ 14ರಷ್ಟು ಕಡಿಮೆ. ಮತ್ತೆ ಅರೆದು, ಮತ್ತೆ ಕಾಯಿಸಿದರೂ ಜೊತೆಗೆ ಹಾಕಿದ ಇನ್ನೊಂದು ಆಕ್ಸೈಡಿನ ಪೀಕ್ ಹೋಗುವುದಿಲ್ಲ, ಯಾಕಂದರೆ ಅದಕ್ಕೆ ಜೋಡಿಯೇ ಇಲ್ಲ. ತೂಗುವ ಹಿಂದಿನ ರಾತ್ರಿ ಒಂಬೈನೂರರಿಂದ ಸಾವಿರ ಡಿಗ್ರಿಯಲ್ಲಿ ಕಾಯಿಸಿ, ಡೆಸಿಕೇಟರ್‌ನಲ್ಲಿ ಆರಿಸಿ, ತೆಗೆದ ಕೂಡಲೇ ತೂಗಿ. ತಕ್ಕಡಿಯ ಮೇಲೆ ಇಟ್ಟಾಗ ಕೊನೆಯ ಅಂಕಿ ಏರುತ್ತಲೇ ಇದ್ದರೆ ಅದು ನಿಮ್ಮ ಕಣ್ಣೆದುರೇ ನೀರು ಕುಡಿಯುತ್ತಿದೆ.

ಎಫ್‌ಟಿಐಆರ್‌ನಲ್ಲಿ ನೀರು, ಸಾಂದ್ರತೆ ದಿನಕ್ಕೊಂದು

ಎಫ್‌ಟಿಐಆರ್ ಅಂದರೆ ಸ್ಯಾಂಪಲ್ ಯಾವ ಅವಕೆಂಪು ಬೆಳಕು ಹೀರುತ್ತದೆ ಎಂದು ನೋಡುವ ಪರೀಕ್ಷೆ. ಅದರಲ್ಲಿ 3400 ಮತ್ತು 1630 cm⁻¹ ಹತ್ತಿರ ಇಳಿತ ಕಂಡರೆ ನೀರು. ಗಾಜಿನದೋ, ಪುಡಿ ಬೆರೆಸಿ ಬಿಲ್ಲೆ ಒತ್ತುವ ಪೊಟ್ಯಾಸಿಯಂ ಬ್ರೋಮೈಡಿನದೋ? ಖಾಲಿ ಬ್ರೋಮೈಡ್ ಬಿಲ್ಲೆಯೊಂದನ್ನು ತೆಗೆಸಿ. ಆಮೇಲೆ ಗಾಜಿನ ಪುಡಿ ದುಪ್ಪಟ್ಟು ಹಾಕಿದ ಬಿಲ್ಲೆ. ಗಾಜು ದುಪ್ಪಟ್ಟಾದರೂ ನೀರಿನ ಇಳಿತ ಅಷ್ಟೇ ಇದ್ದರೆ ನೀರು ಬ್ರೋಮೈಡಿನದು.

ಸಾಂದ್ರತೆಯನ್ನು ನೀರಿನಲ್ಲಿ ಮುಳುಗಿಸಿ ಅಳೆಯಬೇಡಿ, ಬೋರೇಟ್ ಗಾಜು ಅಳೆಯುತ್ತಿದ್ದಂತೆ ಕರಗುತ್ತದೆ. ಟಾಲ್ವೀನ್ ಬಳಸಿ. ಅದರ ಸಾಂದ್ರತೆ 20 ಡಿಗ್ರಿಗೆ 0.867, 25ಕ್ಕೆ 0.862. ಮೇ ತಿಂಗಳ ಗದಗದಲ್ಲಿ ಕೋಣೆ ಮೂವತ್ತೈದು ಇರುವಾಗ ಪುಸ್ತಕದ 20 ಡಿಗ್ರಿ ಅಂಕಿ ಹಾಕಿದರೆ ತಪ್ಪುತ್ತದೆ. ಗಾಜಿಗೆ ಗುಳ್ಳೆ ಅಂಟಿದೆಯೇ ನೋಡಿ. ಟಾಲ್ವೀನ್ ಬೆಂಕಿ ಹಿಡಿಯುವ ಸಾಮಾನು, ಫರ್ನೇಸ್ ಇರುವ ಕೋಣೆಗೆ ಬಾಟಲಿ ತರಲೇಬೇಡಿ.

ಹೊರಗೆ ಕಳಿಸಬೇಕಾದಾಗ

ತೂಕದ ಇಳಿತ ಲೆಕ್ಕಕ್ಕೆ ಹೊಂದಿದೆ, ಸಾಂದ್ರತೆ ಮೂರು ತುಂಡಿಗೂ ಒಂದೇ ಬಂದಿದೆ, ಹೊಸದಾಗಿ ಮುರಿದ ಪುಡಿಯಲ್ಲಿ ಪೀಕ್ ಇಲ್ಲ, ಆದರೂ ಗುಣ ವಿಚಿತ್ರ. ಆಗ ಘನವಸ್ತುವಿನ ಎನ್‌ಎಂಆರ್, ರಾಮನ್ (ಲೇಸರ್ ಬೆಳಕು ಚೆದುರಿಸಿ ರಚನೆ ನೋಡುವ ಪರೀಕ್ಷೆ) ಬೇಕು. ಕರ್ನಾಟಕ ವಿಶ್ವವಿದ್ಯಾಲಯದ ಉಪಕರಣ ಕೇಂದ್ರದಲ್ಲಿ ಏನು ಸಿಗುತ್ತದೆ ಎಂದು ಮೊದಲು ಕೇಳಿ, ಇಲ್ಲದ್ದಕ್ಕೆ ಬೆಂಗಳೂರಿಗೆ ಕಳಿಸಿ. ಕಳಿಸುವಾಗ ಪುಡಿ ಮಾಡಬೇಡಿ. ಪುಡಿಗೆ ಮೈ ಜಾಸ್ತಿ, ನೀರು ಹಿಡಿಯುವುದೂ ಜಾಸ್ತಿ. ತುಂಡನ್ನೇ ಒಣ ಗಾಜಿನ ಸೀಸೆಗೆ ಹಾಕಿ, ಮುಚ್ಚಳಕ್ಕೆ ಪ್ಯಾರಾಫಿಲ್ಮ್ ಸುತ್ತಿ, ಆ ಸೀಸೆಯನ್ನು ನೀಲಿ ಸಿಲಿಕಾ ಜೆಲ್ ಇರುವ ಇನ್ನೊಂದು ಡಬ್ಬಿಗೆ ಇಳಿಸಿ. ಹೊರಗೆ ಚೀಟಿ ಅಂಟಿಸಿ: ಅಳೆಯುವ ದಿನವೇ ಪುಡಿ ಮಾಡಿ. ಪೇಪರ್ ಪೊಟ್ಟಣದಲ್ಲಿ ಕಟ್ಟಿ ರಾತ್ರಿ ಬಸ್ಸಿಗೆ ಕೊಟ್ಟರೆ ಬೆಳಗಾಗುವಷ್ಟರಲ್ಲಿ ಅಲ್ಲಿ ಇಳಿಯುವುದು ಮತ್ತೆ ಕೇರಂ ಪುಡಿಯೇ.